ಮೊದಲ ತೊಟ್ಟಿಯ ನೀರು

"ಮುಖ ಏನ್ ನೋಡ್ತೀಯೆ? ಎತ್ತು ಬಕೆಟ್ಟು! ಆ ಮುಂಡೇರ ತಲೆ ಮೇಲೆ ಸುರಿ!"

ಸೂಪರ್‌ವೈಸರ್ ಮೂಗಿಗೆ ಕರವಸ್ತ್ರ ಹಿಡಿದೇ ಗದರಿದ. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಮೂರು ತೊಟ್ಟಿಗಳು. ವಾರ್ಡುಗಳಿಂದ ಬಂದ ಹಾಸುಬಟ್ಟೆ ರಕ್ತ, ಕೀವು, ಹೇಲು ಬಿಡುವುದು ಮೊದಲನೆಯದರಲ್ಲಿ. ಅವನು ಬೆರಳು ತೋರಿಸಿದ್ದು ಅದಕ್ಕೆ.

ಒಗೆಯುವ ಹೆಂಗಸರು ಹನ್ನೆರಡು ಮಂದಿ. ಹಾಸುಬಟ್ಟೆಯ ಮಡಿಕೆಯಲ್ಲಿ ಉಳಿದಿದ್ದ ಸೂಜಿ ಚುಚ್ಚಿ, ನಂಜೇರಿ ಒಬ್ಬಳ ಬೆರಳು ಕತ್ತರಿಸಬೇಕಾಗಿ ಬಂದ ಮೇಲೆ, ಅವಳೂ ಸೇರಿ ಹನ್ನೊಂದು ಮಂದಿ ರಬ್ಬರ್ ಕೈಗವಸು ಕೇಳಿ ಬಾಗಿಲ ಮುಂದೆ ಕೂತಿದ್ದರು. ಕೂಗಾಟವಿಲ್ಲ, ಕಲ್ಲಿಲ್ಲ. ಒಳಗೆ ಉಳಿದವಳು ಅತ್ತಿಗೆಯೊಬ್ಬಳೇ. ಹೊರಗೆ ಮೊದಲ ಸಾಲಿನಲ್ಲಿ ಅವಳ ನಾದಿನಿ. ಇಬ್ಬರೂ ಕೂತರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂಬುದು ಅತ್ತಿಗೆಯ ನ್ಯಾಯ.

"ಕೂತ್ರೆ ಯಾರೇ ಹೆದರ್ತಾರೆ? ಅಂಡು ಸವೆಯುತ್ತೆ, ಅಷ್ಟೆ," ಎಂದು ಬೆಳಿಗ್ಗೆ ಆಡಿಕೊಂಡಿದ್ದಳು.

"ನಿಂದು ಸವೆಯೋಕೆ ವರ್ಷಗಟ್ಲೆ ಬೇಕು, ಬಾ ಅತ್ತಿಗೆ," ಎಂದಿದ್ದಳು ನಾದಿನಿ.

ಬಕೆಟ್ ಕಂಡರೆ ಎದ್ದು ಓಡುತ್ತಾರೆ, ಬರಿಯ ನೆಲಕ್ಕೆ ಸುರಿದರಾಯಿತು ಎಂದುಕೊಂಡು ಅತ್ತಿಗೆ ಹೊರಗೆ ಬಂದಳು. ಒಬ್ಬಳೂ ಏಳಲಿಲ್ಲ.

"ಸುರೀತೀಯೋ, ನಾಳೆಯಿಂದ ಮನೇಲಿ ಬಿದ್ದಿರ್ತೀಯೋ?"

ಸುರಿದಳು.

ನಾದಿನಿಯ ಹಣೆಯಿಂದ ಕಂದು ನೀರು ಇಳಿಯಿತು. ಹತ್ತಿಯ ಚೂರೊಂದು ರೆಪ್ಪೆಗೆ ಅಂಟಿಕೊಂಡಿತು. ಒರೆಸಿಕೊಳ್ಳಬೇಕಾದರೆ ಪಕ್ಕದವಳ ಕೈ ಬಿಡಬೇಕಿತ್ತು, ಅವಳು ಬಿಡಲಿಲ್ಲ. ಹಾದರಗಿತ್ತಿ ಎಂದಾದರೂ ಉಗಿದಿದ್ದರೆ ಅತ್ತಿಗೆ ತಿರುಗಿ ಬೈದು ಹಗುರಾಗುತ್ತಿದ್ದಳು. ಇಷ್ಟು ವರ್ಷ ಮೊಣಕೈವರೆಗೆ ಅದ್ದಿದ್ದ ನೀರಿನ ನಾತ ಮೊದಲ ಬಾರಿ ಅವಳ ಗಂಟಲಿಗೆ ಬಂತು.

ರೋಗಿಗಳನ್ನು ನೋಡಲು ಸಾಲು ನಿಂತವರು ಮೋಜಿಗೆಂದು ಕತ್ತು ಚಾಚಿದ್ದರು. ಈಗ ಯಾರೂ ನಗಲಿಲ್ಲ. ಬೆಳಗಿನಿಂದ ಈ ಹೆಂಗಸರನ್ನು ಸೋಮಾರಿಗಳು ಎಂದು ಜರೆಯುತ್ತಿದ್ದ ಮುದುಕನೊಬ್ಬ ಸೂಪರ್‌ವೈಸರನ ಬೂಟಿನ ಬಳಿ ಕ್ಯಾಕರಿಸಿ ಉಗಿದು, ಸಾಲು ಬಿಟ್ಟು ಬಂದು ಒದ್ದೆ ನೆಲದ ಮೇಲೆ ಕುಕ್ಕರಿಸಿದ. ಅವನ ಹಿಂದೆ ಇನ್ನಿಬ್ಬರು.

"ಇನ್ನೊಂದು ಬಕೆಟ್ ತಾರೇ!" ಸೂಪರ್‌ವೈಸರ್ ಅರಚಿದ.

ಅತ್ತಿಗೆ ತಂದು ಅವನ ಕಾಲ ಬಳಿ ಕುಕ್ಕಿದಳು. "ಈ ಸಲ ನೀವೇ ಸುರೀರಿ ಸ್ವಾಮಿ. ಮೊದ್ಲು ನಂಗೆ."

ನಾದಿನಿಗೆ ಅಡ್ಡವಾಗಿ ಕೂತಳು.

"ಅಲ್ಲಿ ಬೇಡ ಅತ್ತಿಗೆ, ಹೇಲಿದೆ."

"ಸುರಿದೋಳು ನಾನೇ ಕಣೆ. ಗೊತ್ತು."

ಸೂಪರ್‌ವೈಸರನ ಕೈ ಬಕೆಟ್ಟಿನ ಹಿಡಿಯವರೆಗೆ ಹೋಗಿ ನಿಂತಿತು. ಹಿಡಿಗೆ ಅಂಟಿದ್ದ ಲೋಳೆಯ ಮೇಲೆ ನೊಣವೊಂದು ಕೂತಿತ್ತು.