ಮೂವತ್ತೆಂಟರ ನಂತರ

ಹೇಳೋದಕ್ಕೆ ನನಗೆ ಮುಖವಿಲ್ಲ ಸಿಸ್ಟರ್, ಕ್ಷಮಿಸಿ, ಕೆಲಸದ ಹೊತ್ತಲ್ಲಿ ನಿಮ್ಮನ್ನ ತಡೀತಿದ್ದೀನಿ, ಆದರೂ ಒಂದು ವಿಷಯ — ಹೀಗೆ ಶುರು ಮಾಡಬೇಕು ಅಂದುಕೊಂಡಳು, ಅಷ್ಟರಲ್ಲಿ ಟ್ರಾಲಿಯ ಚಕ್ರ ಕಿರ್ರೆಂದಿತು, ಮೂರು ಚಕ್ರ ನೆಟ್ಟಗಿದ್ದು ಒಂದು ಮಾತ್ರ ತನ್ನ ಪಾಡಿಗೆ ತಿರುಗುವ ಟ್ರಾಲಿ, ಥೇಟ್ ನಮ್ಮನೆಯವರ ಥರ ಇದು ಎನ್ನುತ್ತಾಳೆ ತಳ್ಳುವ ಆಯಾ, ದಿನಾ ನಗು ಬರುವ ಮಾತು, ಇವತ್ತು ಬರಲಿಲ್ಲ. ಗೋಡೆಯಲ್ಲಿ ಒಂಬತ್ತೂ ಇಪ್ಪತ್ತು. ಎಂಟಕ್ಕೆ ಚಾರ್ಟಿನಲ್ಲಿ ನಾಡಿ ಬರೆದದ್ದು, ಎಂಟೂವರೆಗೆ ಸಿಸ್ಟರ್ ಅದನ್ನು ನೋಡಿಯೇ ಮಾತ್ರೆ ಕೊಟ್ಟದ್ದು, ಅಲ್ಲಿಂದ ಐವತ್ತು ನಿಮಿಷ ಅವಳು ಹೊದಿಕೆ ಬದಲಿಸಿದ್ದಾಳೆ, ಥರ್ಮಾಮೀಟರ್ ಒರೆಸಿದ್ದಾಳೆ, ಒರೆಸಿದ್ದನ್ನೇ ಒರೆಸಿದ್ದಾಳೆ, ಎರಡನೇ ವರ್ಷದ ನರ್ಸಿಂಗ್ ಹುಡುಗಿ ಮಾಡಬಹುದಾದ ಎಲ್ಲವನ್ನೂ ಮಾಡಿದ್ದಾಳೆ, ಹೇಳಬೇಕಾದ ಒಂದನ್ನು ಬಿಟ್ಟು. ಹದಿನಾಲ್ಕನೇ ಹಾಸಿಗೆಯ ತಾತ, ಐವತ್ತು ವರ್ಷ ದರ್ಜಿಯಾಗಿದ್ದವರು, ಮೊದಲ ದಿನವೇ ಅವಳನ್ನು ಕಣ್ಣಲ್ಲೇ ಅಳೆದು, ಎಡಭುಜ ಅರ್ಧ ಇಂಚು ಇಳಿದಿದೆಯಲ್ಲ ತಾಯಿ, ಚೀಲ ಒಂದೇ ಕಡೆ ಹಾಕ್ಕೋತೀಯ ಅಂದಿದ್ದರು. ಎಂಟಕ್ಕೆ ಅವರ ಮಣಿಕಟ್ಟಿನ ಮೇಲೆ ಮೂರು ಬೆರಳು, ಪೂರ್ತಿ ಒಂದು ನಿಮಿಷ ಎಣಿಸಬೇಕು, ಅವರಿಗೆ ಕೊಡುವುದು ಹೃದಯದ ಮಾತ್ರೆ, ನಾಡಿ ಅರವತ್ತಕ್ಕಿಂತ ಕೆಳಗಿದ್ದರೆ ಕೊಡಬಾರದು, ಇನ್ನೂ ನಿಧಾನ ಮಾಡಿಬಿಡುತ್ತದೆ, ಇದು ಅವಳಿಗೆ ಗೊತ್ತು, ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದಳು. ಕೈಗಡಿಯಾರದ ಪಟ್ಟಿ ಕಿತ್ತುಹೋಗಿ ಎರಡು ವಾರ, ಫೋನಿನಲ್ಲೂ ಸೆಕೆಂಡು ಓಡುತ್ತದಲ್ಲ, ಹಾಸಿಗೆಯ ಅಂಚಿಗಿಟ್ಟು ಎಣಿಸುತ್ತಿದ್ದಳು, ಮೂವತ್ತಾರು, ಮೂವತ್ತೇಳು, ಮೂವತ್ತೆಂಟು, ಆಗ ಓಡುವ ಸೆಕೆಂಡುಗಳ ಮೇಲೆ ಮೆಸೇಜಾಗಿ ಬಂದು ಕೂತಳು ಗುಬ್ಬಿ. ನೋಡಿದ್ದೀಯ, ಉತ್ತರ ಇಲ್ಲ, ನಾನೇನು ಗೋಡೆನಾ.

ಗುಬ್ಬಿ ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು, ನಡುವೆ ಮೂರಡಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ಮಲಗಿ ಇಬ್ಬರೂ ಮೆಸೇಜಿನಲ್ಲೇ ಮಾತಾಡುತ್ತಾರೆ. ನನಗೆ ಈ ಕೋರ್ಸ್ ಸಾಕು ಅನ್ನಿಸ್ತಿದೆ ಕಣೇ ಎಂದು ಹಿಂದಿನ ದಿನ ಬರೆದಿದ್ದಳು, ಓದಿದ್ದಳು ಇವಳು, ಆಮೇಲೆ ಸರಿಯಾಗಿ ಬರೆಯೋಣ ಎಂದು ಬೆರಳಲ್ಲಿ ಮೇಲಕ್ಕೆ ತಳ್ಳಿದ್ದಳು, ಮೇಲಕ್ಕೆ ಹೋದದ್ದು ಹೋಯಿತು, ಕೆಳಗಿನಿಂದ ಬೆಕ್ಕಿನ ವಿಡಿಯೋ ಬಂತು, ಆಮೇಲೆ ಇನ್ನೊಂದು ಬೆಕ್ಕು. ಮೂರಡಿ ಆಚೆ ಗುಬ್ಬಿ ಎಚ್ಚರವಾಗಿಯೇ ಇದ್ದಿರಬೇಕು. ಊರಿಗೆ ಹೋದಾಗಲೂ ಅಷ್ಟೇ, ಕಣ್ಣು ಫೋನಿನಲ್ಲೇ, ಅಮ್ಮ ಚಿಕ್ಕಮ್ಮನ ಎದುರು, ನಾನು ಸತ್ತೋದೆ ಕಣೇ ಅಂದ್ರೆ ಹೂಂ ಅಂದ್ಲು, ಆಮೇಲೆ ಸಾರೇನು ಮಾಡಿದ್ದೀಯ ಅಂತ ಕೇಳಿದ್ಲು ಎಂದಿದ್ದಳು, ಎಲ್ಲರೂ ನಕ್ಕರು, ಇವಳೂ ನಕ್ಕಳು, ಯಾಕೆ ಎಂದು ತಿಳಿಯದೆ. ಆ ಹೂಂ ಈಗ ವಾರ್ಡಿಗೂ ಬಂದಿದೆ. ಬಲಗೈ ಬೆರಳು ನಾಡಿಯ ಮೇಲಿದ್ದ ಹಾಗೇ ಎಡಗೈಯಲ್ಲಿ ಸಾರಿ ಕಣೇ ಎಂದು ಬರೆದಳು, ಎರಡೇ ಪದ, ತಲೆಯೆತ್ತಿದರೆ ಎಣಿಕೆ ಇಲ್ಲ, ಮೂವತ್ತೆಂಟು ಎಷ್ಟನೇ ಸೆಕೆಂಡಿಗೆ ಬಂದಿತ್ತೆಂದೂ ಇಲ್ಲ. ಚಾರ್ಟಿನಲ್ಲಿ ಹಿಂದಿನ ದಿನದ ಎಪ್ಪತ್ತೆರಡು ದುಂಡಗೆ ಕೂತಿತ್ತು, ಅದರ ಪಕ್ಕ ಇನ್ನೊಂದು ಎಪ್ಪತ್ತೆರಡು ಬರೆದಳು. ಎಷ್ಟು ಬಂತು ತಾಯಿ. ಎಪ್ಪತ್ತೆರಡು ತಾತ. ಓ, ನಿನ್ನೇನೂ ಅಷ್ಟೇ ಇತ್ತಲ್ಲ. ಅಷ್ಟೇ ಅಂದರು, ಆದರೆ ಕೈ ಹಿಂದಕ್ಕೆ ತೆಗೆಯಲಿಲ್ಲ, ಅಂಗೈ ಮೇಲಾಗಿ ಬಿಳಿ ಹಾಸಿನ ಮೇಲೆ ಹಾಗೇ ಬಿಟ್ಟಿದ್ದರು. ಸುಸ್ತಾಗಿದೆ ಅಂದುಕೊಂಡಳು. ಹದಿನಾರನೇ ಹಾಸಿಗೆಗೆ ಬಂದ ಮೇಲೆ ಹೊಳೆಯಿತು, ಅವರು ಕಾಯುತ್ತಿದ್ದರು, ಅಳತೆ ತೆಗೆಯುವಾಗ ಮಾತಿಗೆ ಮನಸ್ಸು ಹೋದರೆ ದರ್ಜಿ ಟೇಪನ್ನು ಮತ್ತೆ ಹಿಡಿಯುತ್ತಾನೆ, ಇವಳೂ ಮತ್ತೆ ಹಿಡಿಯುತ್ತಾಳೆ ಎಂದು.

ಏನು ಕಂಬದ ಥರ ನಿಂತಿದ್ದೀಯ, ಸಿಸ್ಟರ್ ತಲೆಯೆತ್ತದೆ ಕೇಳಿದರು. ಕ್ಷಮಿಸಿ, ಮುಖವಿಲ್ಲ, ಕೆಲಸದ ಹೊತ್ತು, ಎಲ್ಲ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಇಷ್ಟೇ, ಹದಿನಾಲ್ಕರ ಎಪ್ಪತ್ತೆರಡು ನಾನು ಎಣಿಸಿದ್ದಲ್ಲ ಸಿಸ್ಟರ್. ಬೈಯುತ್ತಾರೆ ಎಂದು ಕಾದಳು, ಬೈದಿದ್ದರೆ ವಾಸಿಯಿತ್ತು. ಸಿಸ್ಟರ್ ಪೆನ್ನಿಗೆ ಕ್ಯಾಪು ಹಾಕಿದರು, ಎದ್ದರು, ಮಾತ್ರೆ ಕೊಟ್ಟಿದ್ದು ನಾನೇ ಅಂದರು, ಯಾರಿಗೋ ಹೇಳುವ ಹಾಗೆ, ಬೇಗ ಬೇಗ ನಡೆದರು, ಹಿಂದೆ ಇವಳು. ತಾತನ ಮಣಿಕಟ್ಟು, ಸಿಸ್ಟರ ಬೆರಳು, ಒಂದು ನಿಮಿಷ ಎಂದರೆ ಎಷ್ಟು ಉದ್ದ. ಐವತ್ತಾರು. ಡಾಕ್ಟರಿಗೆ ನಾನು ಹೇಳ್ತೀನಿ, ನೀನಿಲ್ಲಿಂದ ಅಲುಗಾಡಬೇಡ, ಹತ್ತು ನಿಮಿಷಕ್ಕೊಂದು ಸಲ ಎಣಿಸು, ಎಣಿಸಿದ್ದನ್ನ ಮಾತ್ರ ಬರಿ, ಫೋನ್ ಕೊಡಿಲ್ಲಿ. ತಮ್ಮ ಗಡಿಯಾರ ಬಿಚ್ಚಿ ಅವಳ ಕೈಗೆ ಹಾಕಿದರು, ಸಡಿಲ, ಜಾರುತ್ತದೆ. ತಲೆ ಸ್ವಲ್ಪ ತಿರುಗ್ತಿದೆ ತಾಯಿ, ಬೆಳಿಗ್ಗೆಯಿಂದಲೂ ಹೀಗೇ, ಅಂದರು ತಾತ. ಬೆಳಿಗ್ಗೆಯಿಂದ ಅಂದರೆ ಎಂಟಕ್ಕೆ ಮುಂಚೆಯೋ, ಮಾತ್ರೆ ಆದ ಮೇಲೋ, ಕೇಳಲಿಲ್ಲ, ಅವರ ಕೈಯತ್ತ ಬಗ್ಗಿದಳು. ಇನ್ನೊಂದ್ಸಲ ತಗೋತೀನಿ ತಾತ. ತಗೋ, ಬಟ್ಟೆಗೆ ಕತ್ತರಿ ಹಾಕೋ ತನಕ ಎಷ್ಟು ಸಲ ತಗೊಂಡ್ರೂ ತಪ್ಪಿಲ್ಲ ಅಂದು ನಕ್ಕರು, ಕತ್ತರಿ ಬಿದ್ದಾಗಿದೆ ಎಂದು ಅವರಿಗೆ ಹೇಳುವವರು ಯಾರು. ಮೂರು ಬೆರಳು, ಒಂದು, ಎರಡು, ಗಡಿಯಾರ ಜಾರಿತು, ಮೇಲೆತ್ತಿದಳು, ಮೂವತ್ತೇಳು, ಮೂವತ್ತೆಂಟು, ಜೇಬಿನಲ್ಲಿ ಫೋನು ನಡುಗಿತು, ಫೋನು ಸಿಸ್ಟರ ಡ್ರಾಯರಿನಲ್ಲಿದೆ, ಜೇಬು ಖಾಲಿ, ಆದರೂ ತೊಡೆ ನಡುಗಿತು, ಮೂವತ್ತೊಂಬತ್ತು, ಬಿಡಲಿಲ್ಲ, ನಲವತ್ತು, ಐವತ್ತು, ಐವತ್ತೈದು. ಐವತ್ತೈದು ಎಂದು ಬರೆದಳು, ಎಪ್ಪತ್ತೆರಡರ ಕೆಳಗೆ. ಮಾತ್ರೆಯಿಂದ ಇಳಿದದ್ದೋ, ಎಂಟಕ್ಕೂ ಇಷ್ಟೇ ಇತ್ತೋ, ಆ ಒಂದು ನಿಮಿಷ ಯಾರ ಬಳಿಯೂ ಇಲ್ಲ, ಅವಳಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಬೆರಳು ತೆಗೆದಳು. ತಾತ ಕೈ ಹಿಂದಕ್ಕೆ ತೆಗೆಯಲಿಲ್ಲ, ಬಿಳಿ ಹಾಸಿನ ಮೇಲೆ, ಅಂಗೈ ಮೇಲಾಗಿ, ಹಾಗೇ.