ರವಿವಾರದ ಫೋನು

"ಮುಟ್ಟ ನಿಂತ ಎಷ್ಟ ವರ್ಷ ಆತವಾ?" ಎಂದು ಡಾಕ್ಟರ್ ಬಸವಲಿಂಗ ಕೇಳಿದಾಗ ತಾಯವ್ವ ಗುಳಿಗೆಯ ಪೊಟ್ಟಣ ಹಿಡಿದು ಬಾಗಿಲವರೆಗೆ ಹೋಗಿದ್ದಳು. ಅಲ್ಲೇ ನಿಂತಳು.

ಸಂಪಗಾಂವದ ಆ ದವಾಖಾನೆಗೆ ಅವಳು ಐದು ತಿಂಗಳಿಂದ ಬರುತ್ತಿದ್ದಳು. ಕೈಕಾಲು ಸೋಲುತ್ತವೆ, ಸೊಂಟ ಹಿಡಿಯುತ್ತದೆ ಅನ್ನುತ್ತಿದ್ದಳು. ಬಸವಲಿಂಗ ಪ್ರತಿ ಸಲವೂ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟು ಕಳಿಸುತ್ತಿದ್ದ. ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿರಲಿಲ್ಲ. ಈ ದಿನ ಅವಳು ಏಳುವಾಗ, ತಾನು ಕುಳಿತಿದ್ದ ಸ್ಟೂಲನ್ನು ಒಮ್ಮೆ ತಿರುಗಿ ನೋಡಿ ಸೀರೆಯನ್ನು ಹಿಂದೆ ಸರಿಪಡಿಸಿಕೊಂಡದ್ದು ಅವನ ಕಣ್ಣಿಗೆ ಬಿದ್ದಿತ್ತು.

"ಮೂರ ವರ್ಷ ಆತ್ರಿ," ಎಂದಳು. ಹೊರಗೆ ಬೆಂಚಿನ ಮೇಲಿದ್ದವರ ಕಡೆ ನೋಡಿ ದನಿ ತಗ್ಗಿಸಿದಳು. "ಯುಗಾದಿ ಆದಾಗಿಂದ ಮತ್ತ ಕಾಣಾಕ ಹತ್ತೇತ್ರಿ."

ಆ ವಾರವೇ ಬೈಲಹೊಂಗಲದ ಲೇಡಿ ಡಾಕ್ಟರಿಗೆ ಚೀಟಿ ಬರೆದು ಕಳಿಸಿದ. ಅವರು ಹುಬ್ಬಳ್ಳಿಗೆ ಕಳಿಸಿದರು. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಎಂದು ಬರೆದ ಕಾಗದ ಹಿಡಿದು ತಾಯವ್ವನ ಗಂಡ ಶಟ್ಟೆಪ್ಪ ದವಾಖಾನೆಗೆ ಬಂದ. ಬಸವಲಿಂಗ ಅದನ್ನು ಎರಡು ಸಲ ಓದಿದ. ಐದು ವಾರ ದಿನಾ ಕರೆಂಟ್, ಅಂದರೆ ರೇಡಿಯೇಷನ್, ಕೊಡುತ್ತಾರೆ, ಗುಣವಾಗುವ ಆಸೆ ಇನ್ನೂ ಇದೆ ಎಂದು ನಿಧಾನವಾಗಿ ತಿಳಿಸಿ ಹೇಳಿದ. ಎಲ್ಲ ಹೇಳಿ ಮುಗಿದ ಮೇಲೂ ಶಟ್ಟೆಪ್ಪ ಎದ್ದು ಹೋಗಲಿಲ್ಲ.

"ಇದನ್ನ ನಾ ಐದ ತಿಂಗಳ ಹಿಂದ ಕೇಳಬೇಕಾಗಿತ್ತು ಶಟ್ಟೆಪ್ಪ. ತಪ್ಪು ನಂದು."

ಶಟ್ಟೆಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಚಿದ, ಮತ್ತೆ ಬಿಚ್ಚಿದ. "ನನಗೂ ಹೇಳಿರಲಿಲ್ರಿ ಆಕಿ," ಎಂದ. "ದಿನಾ ಜೋಡೀಲೆ ದುಡೀತೇವಿ."

ಅವನು ಗವಂಡಿ. ಅವನು ಗೋಡೆ ಕಟ್ಟಿದರೆ ತಾಯವ್ವ ಸಿಮೆಂಟು ಕಲಸಿ ಬುಟ್ಟಿಯಲ್ಲಿ ತಂದುಕೊಡುತ್ತಿದ್ದಳು. ನೇಸರಗಿಯಿಂದ ಕಿತ್ತೂರಿನವರೆಗೆ ಇಪ್ಪತ್ತಾರು ವರ್ಷ ಹೀಗೆಯೇ ಮಂದಿಯ ಮನೆ ಕಟ್ಟಿದ್ದರು. ಇಬ್ಬರ ನಡುವೆ ಮಾತು ಕಡಿಮೆ. ಕೆಲಸದಲ್ಲಿ ಅದು ಬೇಕಾಗುತ್ತಲೂ ಇರಲಿಲ್ಲ. ಈಗ ಶಟ್ಟೆಪ್ಪನ ತಾಯಿ ಹಾಸಿಗೆ ಹಿಡಿದಿದ್ದರಿಂದ ಅವನು ಊರು ಬಿಡುವಂತಿರಲಿಲ್ಲ. ತಾಯವ್ವನ ಜೊತೆ ಅವಳ ತಂಗಿ ಮಾಯವ್ವ ಹುಬ್ಬಳ್ಳಿಗೆ ಹೋಗಿ, ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿ ಉಳಿದಳು.

ಅದು ತೊಂಬತ್ತೇಳನೆಯ ಇಸವಿ. ಶಟ್ಟೆಪ್ಪನ ಓಣಿಯಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ. ರವಿವಾರ ಕರೆಂಟ್ ಕೊಡುವುದಿಲ್ಲವಾದ್ದರಿಂದ ಆ ದಿನ ಹತ್ತು ಗಂಟೆಗೆ ತಾಯವ್ವ ಬೂತಿನಿಂದ ದವಾಖಾನೆಗೆ ಫೋನು ಮಾಡಲಿ ಎಂದು ಬಸವಲಿಂಗನೇ ಹೇಳಿಕಳಿಸಿದ್ದ. ಮೊದಲ ರವಿವಾರ ಶಟ್ಟೆಪ್ಪ ಒಗೆದ ಅಂಗಿ ಹಾಕಿಕೊಂಡು ಒಂಬತ್ತಕ್ಕೇ ಬಂದು ಹೊಸ್ತಿಲಾಚೆ ನಿಂತಿದ್ದ. ಫೋನಿನ ವೈರು ಬಾಗಿಲವರೆಗೆ ಬರುವುದಿಲ್ಲವೆಂದು ಬಸವಲಿಂಗ ಅವನನ್ನು ಒಳಗೆ ಕರೆದು ತನ್ನ ಕುರ್ಚಿಯಲ್ಲೇ ಕೂಡಿಸಿದ. ಅವನು ಅಂಚಿನ ಮೇಲೆ ಕುಳಿತು, "ಉಂಡಿ?" ಎಂದು ಕೇಳಿದ. ಆ ಕಡೆಯಿಂದಲೂ ಅದೇ ಪ್ರಶ್ನೆ ಬಂದಿರಬೇಕು, "ಹೂಂ" ಅಂದ. ಎರಡು ನಿಮಿಷಕ್ಕೆ ಮಾತು ಮುಗಿಯಿತು. ರಿಸೀವರನ್ನು ಟವೆಲ್ಲಿನಿಂದ ಚೆನ್ನಾಗಿ ಒರೆಸಿ ಕೆಳಗಿಟ್ಟ. ಒರೆಸುವುದು ಬೇಡವೆಂದು ಬಸವಲಿಂಗ ಹೇಳಿದರೂ ಮುಂದಿನ ವಾರವೂ ಒರೆಸಿದ.

ಬಸವಲಿಂಗನ ಹೆಂಡತಿ ಮಕ್ಕಳ ಶಾಲೆಗೆಂದು ಬೆಳಗಾವಿಯಲ್ಲಿ ಮನೆ ಮಾಡಿದ್ದಳು. ಅದೇ ಫೋನಿನಲ್ಲಿ ದಿನವೂ ಮಾತಾಡುತ್ತಿದ್ದರು. ಉಂಡೆಯಾ ಎಂದು ತಾನು ಅವಳನ್ನು ಕೇಳಿ ಎಷ್ಟು ದಿನವಾಯಿತು ಎಂದು ಅವನಿಗೆ ನೆನಪಾಗಲಿಲ್ಲ.

ಮೂರನೆಯ ರವಿವಾರ ತಾಯವ್ವನ ದನಿ ಪಕ್ಕದಲ್ಲಿ ನಿಂತವನಿಗೂ ಕೇಳುತ್ತಿತ್ತು. ಹೊಟ್ಟೆ ಜಾಡಿಸುತ್ತದೆ, ಮೂತ್ರಕ್ಕೆ ಹೋದರೆ ಉರಿ, ಉಂಡದ್ದು ನಿಲ್ಲುವುದಿಲ್ಲ. ಏನಾದರೂ ಆಗಲಿ, ನಾಳೆ ಬಸ್ಸಿಗೆ ಬಂದುಬಿಡುತ್ತೇನೆ ಅನ್ನುತ್ತಿದ್ದಳು. ನಡುವೆ ಬಿಟ್ಟರೆ ಇಷ್ಟು ದಿನದ್ದೂ ನೀರುಪಾಲು ಎಂದು ಬಸವಲಿಂಗ ಮೊದಲೇ ಶಟ್ಟೆಪ್ಪನಿಗೆ ಹೇಳಿದ್ದ. ಈಗ ತಾನೇ ಮಾತಾಡಲೆಂದು ಕೈ ಚಾಚಿದ. ಶಟ್ಟೆಪ್ಪ ಫೋನು ಕೊಡಲಿಲ್ಲ.

"ಬರಬ್ಯಾಡ," ಎಂದ. "ಇಲ್ಲೆಲ್ಲಾ ಬರೋಬ್ಬರಿ ನಡದೈತಿ. ನೀ ಬರೂದ ಬ್ಯಾಡ. ಮುಗಿಸ್ಕೊಂಡ ಬಾ."

ಫೋನು ಕಟ್ಟಾದ ಮೇಲೂ ಕಿವಿಗೆ ಹಿಡಿದುಕೊಂಡೇ ಇದ್ದ. ಒರೆಸುವುದನ್ನು ಮರೆತು ಕೆಳಗಿಟ್ಟ.

"ಗ್ವಾಡಿಗೆ ನಿಂತಾಗ ಹಿಂದಕ್ಕ ಕೈ ಚಾಚತೇನ್ರಿ ಸಾಹೇಬ್ರ," ಎಂದ. "ತಿರುಗಿ ನೋಡೂದಿಲ್ಲ, ಸುಮ್ಮನ ಚಾಚತೇನಿ. ಬುಟ್ಟಿ ಬರೂದಿಲ್ಲ. ಆವಾಗ ನೆಪ್ಪಾಗತೈತಿ."

ಮರುದಿನ ಬೆಳಿಗ್ಗೆ ಬಸವಲಿಂಗ ದವಾಖಾನೆಯ ಬಾಗಿಲು ಹಾಕಿ, ಹತ್ತಿರದ ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ, ಹೆದ್ದಾರಿಯಲ್ಲಿ ಹುಬ್ಬಳ್ಳಿ ಶಹರದ ಬಸ್ಸು ಹಿಡಿದ. ಧರ್ಮಶಾಲೆಯ ಪಡಸಾಲೆಯಲ್ಲಿ ತಾಯವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಮುಖ ಸೊರಗಿ ಇಷ್ಟೇ ಆಗಿತ್ತು. ಪಕ್ಕದಲ್ಲಿ ಬಟ್ಟೆಯ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಅವನು ಆಸ್ಪತ್ರೆಯ ಡಾಕ್ಟರರನ್ನು ಕಂಡು ಮಾತಾಡಿ, ಭೇದಿಗೂ ಉರಿಗೂ ಬೇರೆ ಗುಳಿಗೆ ಬರೆಸಿಕೊಂಡು ಬಂದು, ಯಾವುದನ್ನು ಯಾವಾಗ ನುಂಗಬೇಕೆಂದು ಹೇಳಿದ. ಇನ್ನು ಎರಡೇ ವಾರ ಎಂದ. ತಾಯವ್ವ ಎಲ್ಲದಕ್ಕೂ ತಲೆಯಾಡಿಸಿದಳು. ಒಂದು ಕೈ ಗಂಟಿನ ಮೇಲೇ ಇತ್ತು.

"ನನ್ನ ಬರಬ್ಯಾಡ ಅಂದ್ರಲ್ರಿ ಅವರು," ಎಂದಳು ಕೊನೆಗೆ. "ಇನ್ನ ದುಡಿಯಾಕ ಬರೂದಿಲ್ಲ ಈಕಿ, ಬಂದಾದ್ರೂ ಏನ್ ಮಾಡತಾಳ ಅಂದಿರಬೇಕು."

ಗಂಡನೊಬ್ಬ ತನ್ನೆದುರು ಹೇಳಿಕೊಂಡದ್ದನ್ನು ಹೆಂಡತಿಗೆ ಮುಟ್ಟಿಸಬಹುದೋ ಬಾರದೋ ಎಂದು ಬಸವಲಿಂಗ ಅನುಮಾನಿಸಿದ. ಆಮೇಲೆ ಹಿಂದಕ್ಕೆ ಕೈ ಚಾಚುವ ಮಾತನ್ನು, ಬುಟ್ಟಿ ಬಾರದ ಮಾತನ್ನು, ಶಟ್ಟೆಪ್ಪ ಹೇಳಿದ ಹಾಗೆಯೇ ಹೇಳಿದ. ತನ್ನದೊಂದು ಮಾತನ್ನೂ ಸೇರಿಸಲಿಲ್ಲ.

ತಾಯವ್ವ ತನ್ನ ಅಂಗೈ ನೋಡಿಕೊಂಡಳು. ಸಿಮೆಂಟಿಗೆ ಒಡೆದಿದ್ದ ಚರ್ಮ ಕೆಲಸವಿಲ್ಲದೆ ಕೂಡಿಕೊಳ್ಳುತ್ತ ಬಂದಿತ್ತು. ಆಮೇಲೆ ತಂಗಿಯನ್ನು ಕರೆದು, ಗಂಟು ಒಳಗಿಡು, ಸ್ವಲ್ಪ ಗಂಜಿ ಇದ್ದರೆ ಕೊಡು ಎಂದಳು.

ಡಿಸೆಂಬರಿನಲ್ಲಿ ಕರೆಂಟ್ ಮುಗಿಯಿತು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಈಗಲೇ ಏನೂ ಹೇಳಲಾಗುವುದಿಲ್ಲ ಎಂದು ಹುಬ್ಬಳ್ಳಿಯವರು ಬರೆದುಕೊಟ್ಟರು.

ತಾಯವ್ವ ಊರಿಗೆ ಬಂದ ದಿನ ಬಸವಲಿಂಗ ಹೊಲದ ಮನೆಯೊಂದರಲ್ಲಿ ಬಾಣಂತಿಯನ್ನು ನೋಡಿ ತನ್ನ ಲೂನಾದ ಮೇಲೆ ಬರುತ್ತಿದ್ದ. ದೂರದಲ್ಲಿ ಇಬ್ಬರು ಕಂಡರು: ಆಗಷ್ಟೇ ಬಸ್ಸಿಳಿದ ತಾಯವ್ವ, ಅವಳನ್ನು ಕರೆದೊಯ್ಯಲು ಬಂದಿದ್ದ ಶಟ್ಟೆಪ್ಪ. ಮಾಯವ್ವ ಅದೇ ಬಸ್ಸಿನಲ್ಲಿ ಮುಂದೆ ತನ್ನೂರಿಗೆ ಹೋಗಿದ್ದಳು. ಗಂಟನ್ನು ಹೆಗಲಿಗೆ ಹಾಕಿಕೊಂಡು ಶಟ್ಟೆಪ್ಪ ಮುಂದೆ ನಡೆದಿದ್ದ. ತಾಯವ್ವ ಹಿಂದೆ ಬರುತ್ತ ಬರುತ್ತ ಹಳ್ಳದ ಚಿಕ್ಕ ಸೇತುವೆಯ ಕಟ್ಟೆ ಹಿಡಿದು ಕುಳಿತುಬಿಟ್ಟಳು. ಅವನು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ. ಮರಳಿ ಬಂದು, ಗಂಟನ್ನು ನೆಲಕ್ಕಿಟ್ಟು, ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತ. ಹುಲ್ಲಿನ ಹೊರೆ ಹೊತ್ತ ಹೆಂಗಸರು ಅವರನ್ನು ನೋಡುತ್ತ ದಾಟಿಹೋದರು. ಇಬ್ಬರೂ ಏಳಲಿಲ್ಲ.

ಬಸವಲಿಂಗ ತಿರುವಿನಲ್ಲೇ ಗಾಡಿ ಬಂದ್ ಮಾಡಿ, ಸ್ಟ್ಯಾಂಡ್ ಹಾಕಿ, ಅವರು ಏಳುವವರೆಗೆ ಜೋಳದ ಹೊಲದ ಕಡೆ ಮುಖ ಮಾಡಿ ನಿಂತ.