ಬರಿ ಮರಳಿನ ಪಟ್ಟಿ

"ಅತ್ತೆ, ಇದು ಯಾರು ಮಾಡಿದ್ದು?"

ಮಿರಾನ್ ಕೇಳಬೇಕಾಗಿಯೇ ಇರಲಿಲ್ಲ. ತೆಆನ್ ಕರಾವಳಿಯ ಆ ಮರಳುದಿಬ್ಬದ ಮೇಲೆ ನಾಲ್ಕು ಸಾಲು ಸಿಹಿಗೆಣಸಿನ ಬಳ್ಳಿ. ಕಳೆ ಬಾರದಂತೆ ಹೊದಿಸಿದ ಕಪ್ಪು ಪ್ಲಾಸ್ಟಿಕ್ ಹಾಳೆ. ನಡುವೆ ಅವಳ ಅತ್ತೆ ಒಕ್ಸುನ್. ನಮ್ಮೂರ ಮುದುಕಿಯರೇ ಹಾಗೆ. ಅಂಗೈಯಗಲ ಖಾಲಿ ನೆಲ ಕಂಡರೂ ಕೈಕಟ್ಟಿ ಕೂರಲಾರರು, ಬಸ್ ನಿಲ್ದಾಣದ ಹಿಂದೆಯೂ ಎಳ್ಳು ಬಿತ್ತುತ್ತಾರೆ.

"ನಾನೇ. ಖಾಲಿ ಬಿದ್ದಿತ್ತು."

"ಖಾಲಿ ಅಲ್ಲ ಅತ್ತೆ, ಚುಕ್ಕೆ ಓತಿ ಮೊಟ್ಟೆ ಇಡೋ ಜಾಗ. ಎಷ್ಟು ಸಲ ಬಡ್ಕೊಳ್ಳಲಿ?"

ದಿಬ್ಬದ ಕಾವಲು ಕೆಲಸಕ್ಕೆ ಸೇರಿ ಆರು ವರ್ಷ, ಬಡಿದುಕೊಂಡಿದ್ದೇ ಬಂತು. ದಿಬ್ಬದ ಮುಂಭಾಗವನ್ನು ಚಳಿಗಾಲದ ಅಲೆಗಳು ಕಡಿದು ಒಯ್ದಿದ್ದವು. ಹಿಂಭಾಗದಲ್ಲಿ ಗಾಳಿ ತಡೆಯಲೆಂದು ಊರವರು ಪೈನ್ ಸಸಿ ನೆಟ್ಟು ಫೋಟೊ ತೆಗೆಸಿಕೊಂಡಿದ್ದರು. ಬೇರು ತುಂಬಿದ ನೆಲದಲ್ಲಿ ಓತಿ ಗುಳಿ ತೋಡುವುದಾದರೂ ಹೇಗೆ? ಉಳಿದಿದ್ದು ಈ ಬರಿ ಮರಳಿನ ಪಟ್ಟಿ. ಈ ಬೇಸಿಗೆಯಲ್ಲಿ ಅವಳಿಗೆ ಕಂಡಿದ್ದ ಬಸುರಿ ಓತಿ ಒಂದೇ ಒಂದು, ಅದೂ ಇಲ್ಲೇ.

"ನನ್ನ ಹೊಲಾನ ಸಮುದ್ರ ತಿಂದಾಗ ಯಾರೂ ಕಾವಲಿಗೆ ಬರ್ಲಿಲ್ಲ," ಎಂದಳು ಒಕ್ಸುನ್. "ಹುಳ ತಿನ್ನೋ ಓತಿಗೆ ಸರ್ಕಾರಿ ಕಾವಲು."

ಮಿರಾನ್‌ಗೆ ಸಿಟ್ಟು ಬಂತು. ಹಾಳೆಯನ್ನು ಬರಬರನೆ ಎಳೆದಳು. ಬಳ್ಳಿಗಳೂ ಕಿತ್ತುಬಂದವು. ಮೂರನೆಯ ಸಾಲಿನಲ್ಲಿ ಬೆರಳಿನಿಂದ ಮರಳು ಸರಿಸಿದಾಗ ನಾಲ್ಕು ಮೊಟ್ಟೆ ಕಂಡವು. ಮೂರು ಸುಕ್ಕುಗಟ್ಟಿದ್ದವು. ಬಳ್ಳಿಯ ಬುಡಕ್ಕೆ, ನೆರಳಿಗೆ ಬಿದ್ದಿದ್ದ ಒಂದು ಮಾತ್ರ ದುಂಡಗಿತ್ತು. ಆ ಬಳ್ಳಿಯನ್ನು ಕಿತ್ತವಳು ತಾನೇ.

ಒಕ್ಸುನ್ ಬಗ್ಗಿ ನೋಡಿದಳು. "ಬೆಂದ್ಹೋದ್ವಾ?"

"ಹಾಳೆ ಕೆಳಗೆ ಇನ್ನೇನಾಗುತ್ತೆ?"

"ಉಳಿದಿದ್ದನ್ನ ಮನೆಗೆ ತಗೊಂಡ್ಹೋಗು ಮತ್ತೆ."

"ಎತ್ತೋವಾಗ ಮಗ್ಗಲು ತಿರುಗಿದ್ರೆ ಅದೂ ಸಾಯುತ್ತೆ. ಮುಟ್ಬೇಡಿ."

ಮೊಟ್ಟೆಯ ಮೇಲೆ ಮರಳೆಳೆದು ಉಷ್ಣಮಾಪಕ ಚುಚ್ಚಿದಳು. ನಲವತ್ತೊಂದು. ಅವಳ ಆರು ವರ್ಷದಲ್ಲಿ ಜುಲೈ ಹೀಗೆ ಕಾದಿದ್ದಿಲ್ಲ. ಅಳು ಬರುವಷ್ಟು ರೇಗಿತು, ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ. ಮೊಟ್ಟೆಗೆ ನೆರಳು ಮಾಡಲು ಜೊಂಡಿನ ತಡಿಕೆ ತರಲೆಂದು ಕಾವಲು ಕೋಣೆಗೆ ಓಡಿದಳು.

ತಡಿಕೆ ಹೊತ್ತು ತಿರುಗಿ ಬಂದಾಗ ಒಕ್ಸುನ್ ಅಲ್ಲೇ ಇದ್ದಳು. ಕಳೆ ಕೀಳುವಾಗ ಕೂರಲು ಸೊಂಟಕ್ಕೆ ಕಟ್ಟಿಕೊಳ್ಳುವ ದಿಂಬಿನ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಪಕ್ಕದಲ್ಲಿ ಅವಳ ಬಳ್ಳಿಗಳು ಬಾಡುತ್ತಿದ್ದವು. ಸೊಸೆಯ ಕಡೆ ನೋಡದೆ, ಗೊಣಗುತ್ತ, ಗೇಣಷ್ಟು ಬಲಕ್ಕೆ ಸರಿದಳು. ಮೊಟ್ಟೆ ಹುದುಗಿದ್ದ ಮರಳಿನ ಮೇಲೆ ಅವಳ ನೆರಳು ಬಿತ್ತು.